ಗೊಂಬೆ ಮೀಮಾಂಸೆ: ಪ್ರಕೃತಿ-ಪುರಾಣ ಪ್ರದರ್ಶನಶಾಸ್ತ್ರಕ್ಕೆ ಒಂದು ಪ್ರವೇಶಿಕೆ

ಪ್ರಕೃತಿ ಮತ್ತು ಪುರಾಣಗಳಿಂದ ಪ್ರೇರಿತವಾದ ಕಲಾಪ್ರದರ್ಶನ ಎಂದೊಡನೆ ಬಿಳಿ ಗೋಡೆ, ತಣ್ಣನೆಯ ಗ್ಯಾಲರಿ, ಚಿತ್ರದ ಪಕ್ಕದಲ್ಲಿ ಯಾರಿಗೂ ಅರ್ಥವಾಗದ ಟಿಪ್ಪಣಿ ಇವುಗಳನ್ನು ಕಲ್ಪಿಸಿಕೊಳ್ಳುವ ಪಂಡಿತರಿದ್ದಾರೆ. ಅವರು ಆಶ್ವಯುಜ ಮಾಸದಲ್ಲಿ ಮೈಸೂರಿನ ಒಂದು ನಡುಮನೆಗೂ ಕಾಲಿಟ್ಟವರಲ್ಲ ಎಂಬುದು ಅಷ್ಟರಿಂದಲೇ ಸಿದ್ಧವಾಗುತ್ತದೆ. ಪಾಡ್ಯದಿಂದ ದಶಮಿಯವರೆಗೆ ಅಲ್ಲಿ ವೈಕುಂಠ, ಕೈಲಾಸ, ದಂಡಕಾರಣ್ಯ ಮತ್ತು ತರಕಾರಿ ಮಾರುಕಟ್ಟೆ ದಸರಾ ಗೊಂಬೆಗಳಾಗಿ ಒಂದೇ ಗೋಡೆಗೆ ಒರಗಿಕೊಂಡು ಪ್ರದರ್ಶಿತವಾಗುತ್ತವೆ. ಟಿಕೆಟ್ ಇಲ್ಲ. ನೋಡಲು ಹೋದವರಿಗೇ ಅರಿಶಿನ-ಕುಂಕುಮ ಕೊಟ್ಟು, ಕೈಗೆ ತಿಂಡಿಯಿಟ್ಟು ಕಳಿಸುತ್ತಾರೆ.

ಇಷ್ಟು ಪ್ರೌಢವಾದ ಶಾಸ್ತ್ರಕ್ಕೆ ಲಕ್ಷಣಗ್ರಂಥ ಏಕೆ ಹುಟ್ಟಲಿಲ್ಲ ಎಂಬ ಪ್ರಶ್ನೆ ಸಹಜ. ಉತ್ತರವೂ ಸಹಜ. ಶಾಸ್ತ್ರ ಕಣ್ಣಮುಂದೆ ಇರುವ ದಿನಗಳಲ್ಲೇ ಸರಸ್ವತಿ ಪೂಜೆ ಬರುತ್ತದೆ. ಪುಸ್ತಕ, ಪೆನ್ನುಗಳೆಲ್ಲ ಪೂಜೆಗೆ ಹೋಗುತ್ತವೆ. ಅವು ಕೈಗೆ ಬರುವ ಹೊತ್ತಿಗೆ ಗೊಂಬೆಗಳು ಪೆಟ್ಟಿಗೆ ಸೇರಿರುತ್ತವೆ.

ಶಾಸ್ತ್ರಕ್ಕೆ ಅಧಿಕಾರಿ ಯಾರು ಎಂಬುದನ್ನು ಮೊದಲು ಹೇಳುವುದು ರೂಢಿ. ಮನೆಯ ಹಿರಿಯ ಗೃಹಿಣಿ ಅಧಿಕಾರಿ. ಗಂಡಸರಿಗೆ ಅಟ್ಟ ಹತ್ತಿ ಪೆಟ್ಟಿಗೆ ಇಳಿಸುವವರೆಗೆ ಮಾತ್ರ ಅಧಿಕಾರ. ಇಳಿಸಿದ ಕ್ಷಣ ಅದು ಲಯವಾಗುತ್ತದೆ. ಗೊಂಬೆಗಳಿಗೆ ಸುತ್ತಿದ ಹಳೆಯ ದಿನಪತ್ರಿಕೆಯನ್ನು ಬಿಚ್ಚುವ ಕೆಲಸ ಕೊಟ್ಟರೆ ಅವರು ಅದನ್ನು ಓದುತ್ತಾ ಕೂರುತ್ತಾರೆಂಬುದು ಸರ್ವಸಮ್ಮತ. ಎಂದೋ ಮುಗಿದ ಚುನಾವಣೆಯಲ್ಲಿ ಯಾರು ಗೆಲ್ಲಬಹುದೆಂಬ ಅಂಕಣವನ್ನು ಅವರು ಆತಂಕದಿಂದಲೇ ಓದುತ್ತಾರೆ. ಪೆಟ್ಟಿಗೆಯ ತಳದಲ್ಲಿ ಪ್ರತಿವರ್ಷವೂ ಒಂದು ಮುರಿದ ಕೈ ಸಿಗುತ್ತದೆ. ಎಲ್ಲ ದೇವರಿಗೂ ಕೈಗಳು ಲೆಕ್ಕಕ್ಕೆ ಸರಿಯಾಗಿಯೇ ಇರುತ್ತವೆ. ಆದರೂ ಒಂದು ಕೈ ಹೆಚ್ಚು. ಇದನ್ನು ಎಸೆಯಬಾರದು ಎಂಬಲ್ಲಿ ಅತ್ತೆಯವರ ಪಕ್ಷಕ್ಕೂ ಸೊಸೆಯವರ ಪಕ್ಷಕ್ಕೂ ಅಪರೂಪದ ಏಕಾಭಿಪ್ರಾಯವಿದೆ.

ಇನ್ನು ಪೀಠನಿರ್ಮಾಣ. ಮೆಟ್ಟಿಲುಗಳು ಬೆಸಸಂಖ್ಯೆಯಲ್ಲಿರಬೇಕು: 3, 5, 7, 9. ಮೇಲೆ ಹಾಸಿದ ಬಿಳಿ ಪಂಚೆಯನ್ನಷ್ಟೇ ಪ್ರೇಕ್ಷಕರು ಕಾಣುತ್ತಾರೆ. ಅದರಡಿಯ ಸ್ತರವಿನ್ಯಾಸವನ್ನು ಉತ್ಖನನಶಾಸ್ತ್ರದ ಕ್ರಮದಲ್ಲಿ ಓದಿದರೆ ಕ್ರಮವಾಗಿ ಮಗನ ಎಂಜಿನಿಯರಿಂಗ್ ಪುಸ್ತಕಗಳು, ಬಿಸ್ಕತ್ತಿನ ತಗಡಿನ ಡಬ್ಬ, ಟ್ರಂಕು ದೊರೆಯುತ್ತವೆ. ಅಷ್ಟಮಿಯಂದು ಉಡಬೇಕಾದ ರೇಷ್ಮೆ ಸೀರೆ ತಳದ ಟ್ರಂಕಿನಲ್ಲೇ ಇದೆಯೆಂಬುದು ಸಪ್ತಮಿಯ ರಾತ್ರಿ ನೆನಪಾಗುತ್ತದೆ. ತುದಿಯ ಮೆಟ್ಟಿಲು ಪಟ್ಟದ ಗೊಂಬೆಗಳಿಗೆ ಮೀಸಲು. ಮದುವೆಯಲ್ಲಿ ತವರಿನಿಂದ ಬಂದ ರಾಜ-ರಾಣಿಯರ ಜೋಡಿ ಅದು. ಹಿಂದೆ ರಕ್ತಚಂದನದಲ್ಲಿ ಕೆತ್ತುತ್ತಿದ್ದರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರೆಂದು ಚರಿತ್ರೆ ಹೇಳುತ್ತದೆ, ಅರಮನೆಯ ಗೊಂಬೆತೊಟ್ಟಿ ಇಂದಿಗೂ ಇದೆ. ಆದರೆ ಅರಸೊತ್ತಿಗೆ ಹೋದ ಮೇಲೂ ವರ್ಷಕ್ಕೊಮ್ಮೆ ಹೊಸ ಜರಿಯಂಚಿನ ಬಟ್ಟೆ ಪಡೆಯುವ ರಾಜರು ಈ ಪಟ್ಟದ ಗೊಂಬೆಯವರೊಬ್ಬರೇ. ರಾಜಧನ ರದ್ದತಿಯ ಬಿಸಿ ಇವರಿಗೆ ತಟ್ಟಲಿಲ್ಲ.

ಪುರಾಣಭಾಗದ ಕಠಿಣ ಗ್ರಂಥಿ ದಶಾವತಾರ. 12ನೆಯ ಶತಮಾನದ ಜಯದೇವ ಕವಿ ಕೃಷ್ಣನನ್ನು ಮೂಲವೆಂದಿಟ್ಟು, ಬಲರಾಮ ಮತ್ತು ಬುದ್ಧರನ್ನು ಹತ್ತರೊಳಗೆ ಎಣಿಸಿದ. ಬಲರಾಮ-ಕೃಷ್ಣರನ್ನಿಟ್ಟು ಬುದ್ಧನನ್ನು ಬಿಡುವವರಿದ್ದಾರೆ. ಕೃಷ್ಣ-ಬುದ್ಧರನ್ನಿಟ್ಟು ಬಲರಾಮನನ್ನು ಬಿಡುವವರೂ ಇದ್ದಾರೆ. ಗೊಂಬೆ ಮಾಡುವವರು ಮೂರೂ ಮತಗಳನ್ನು ಗೌರವಿಸಿ ಮೂರು ಬಗೆಯ ಸೆಟ್ ಮಾಡುತ್ತಾರೆ. ಒಂದು ಸೆಟ್ಟಿನ ಪರಶುರಾಮ ಬಿದ್ದು ಒಡೆದು, ಅವನೊಬ್ಬನನ್ನೇ ಅಂಗಡಿಯವರು ಕೊಡಲೊಪ್ಪದೆ, ಇನ್ನೊಂದು ಸೆಟ್ಟು ಮನೆಗೆ ಬಂದಾಗ ಶಾಸ್ತ್ರಸಂಕಟ ಉಂಟಾಗುತ್ತದೆ. ಬಲರಾಮ, ಕೃಷ್ಣ, ಬುದ್ಧ ಮೂವರೂ ಒಂದೇ ಸಾಲಿನಲ್ಲಿ! ಇದು ಏಕಾದಶಾವತಾರ ಪಂಥ. ‘ಹನ್ನೊಂದಾಯಿತಲ್ಲ’ ಎಂಬ ಪೂರ್ವಪಕ್ಷಕ್ಕೆ ಸಿದ್ಧಾಂತಿಯ ಉತ್ತರ: ‘ಇರಲಿ ಬಿಡಿ, ದೇವರು ಜಾಸ್ತಿಯಾದರೆ ನಷ್ಟವೇನು?’ ಇದನ್ನು ಖಂಡಿಸುವ ಯುಕ್ತಿ ಈವರೆಗೆ ಯಾವ ದರ್ಶನದಲ್ಲೂ ಕಂಡುಬಂದಿಲ್ಲ.

ಪ್ರಕೃತಿಭಾಗವನ್ನು ಈ ಶಾಸ್ತ್ರದಲ್ಲಿ ‘ಪಾರ್ಕು’ ಎನ್ನುತ್ತಾರೆ. ಪ್ರದರ್ಶನದ ನಿಜವಾದ ಪಾಂಡಿತ್ಯ ಬೆಳಗುವುದು ಇಲ್ಲಿಯೇ. ಎಣ್ಣೆಬಣ್ಣದ ಚಿತ್ರಕಾರನಿಗೆ ಹಸಿರು ಟ್ಯೂಬಿನಲ್ಲಿ ಸಿಗುತ್ತದೆ. ನಮ್ಮ ಅಧಿಕಾರಿ ಅದನ್ನು ಬೆಳೆಯಬೇಕು. ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ರಾಗಿ ನೆನೆಸಿ, ತಟ್ಟೆಯ ಮಣ್ಣಿನಲ್ಲಿ ಚೆಲ್ಲಿ, ನೀರು ಚಿಮುಕಿಸಬೇಕು. ಬೇಗ ಚೆಲ್ಲಿದರೆ ಪಂಚಮಿಯ ಹೊತ್ತಿಗೇ ಪೈರು ಹಳದಿಗೆ ತಿರುಗಿ ಮಲಗುತ್ತದೆ. ತಡವಾದರೆ ಬಂದವರಿಗೆ ‘ಇದು ಮರುಭೂಮಿ’ ಎಂದು ವಿವರಿಸಬೇಕಾಗುತ್ತದೆ. ಜಾಣರು ಅದರ ಮೇಲೊಂದು ಒಂಟೆ ನಿಲ್ಲಿಸಿ ಮಾನ ಉಳಿಸಿಕೊಂಡದ್ದುಂಟು. ಮುಖ ನೋಡುವ ಕನ್ನಡಿಯೇ ಕೆರೆ. ಅದರ ದಡದಲ್ಲಿ ಹುಲಿ, ಜಿಂಕೆ, ಹಸು ಮತ್ತು ಶೆಟ್ಟರ ಅಂಗಡಿಯ ಶೆಟ್ಟರು ಪರಸ್ಪರ ಭಯವಿಲ್ಲದೆ ನಿಂತಿರುತ್ತಾರೆ. ಮೈಸೂರಿನ ಮೃಗಾಲಯ 1892ರಷ್ಟು ಹಳೆಯದಾದರೂ ಅಲ್ಲಿ ಈ ಸಾಧನೆ ಇನ್ನೂ ಆಗಿಲ್ಲ.

ಪ್ರಮಾಣದ ವಿಷಯದಲ್ಲಿ ಈ ಶಾಸ್ತ್ರ ಸಂಪೂರ್ಣ ಸ್ವತಂತ್ರ. ಚನ್ನಪಟ್ಟಣದ ಅರಗಿನ ಬಣ್ಣದ ಗಿಳಿ, ಪಕ್ಕದ ಐರಾವತಕ್ಕಿಂತ ಎರಡು ಪಟ್ಟು ದೊಡ್ಡದಿರಬಹುದು. ಕೊಪ್ಪಳದ ಕಡೆಯಿಂದ ಬಂದ ಕಿನ್ನಾಳದ ಗೊಂಬೆಗೆ ಹಗುರ ಮರ, ಹುಣಸೆಬೀಜದ ಅಂಟು, ಚಿತ್ರಗಾರರ ಕುಂಚ ಎಲ್ಲ ಸೇರಿ ಎಂಥ ಗಾಂಭೀರ್ಯ ಬಂದಿರುತ್ತದೆಂದರೆ, ಅದರೆದುರು ಪ್ಲಾಸ್ಟಿಕ್ಕಿನ ಕ್ರಿಕೆಟ್ ತಂಡ ಔಟಾದಂತೆಯೇ ಕಾಣುತ್ತದೆ. ಚಾಮುಂಡಿ ಬೆಟ್ಟಕ್ಕೆ ಇಟ್ಟಿಗೆ, ಗೋಣಿತಾಟು ಸಾಕು. ಸಾವಿರ ಮೆಟ್ಟಿಲನ್ನು ಬೆಂಕಿಕಡ್ಡಿಯಲ್ಲಿ ಇಪ್ಪತ್ತಕ್ಕೆ ಇಳಿಸಬಹುದು, ಭಕ್ತರಿಗೂ ಆಯಾಸ ಕಡಿಮೆ. ಆದರೆ ಮಹಿಷಾಸುರನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ತಪ್ಪಕೂಡದು. ಹಾವು ಬಿಟ್ಟುಹೋದರೆ ಮೈಸೂರಿನವರು ಕ್ಷಮಿಸುವುದಿಲ್ಲ. ಪೆಟ್ಟಿಗೆಯ ತಳದಲ್ಲಿದ್ದ ಆ ಹೆಚ್ಚುವರಿ ಕೈಯನ್ನು ಇವನಿಗೆ ಜೋಡಿಸಬಹುದೇ ಎಂಬುದು ಇನ್ನೂ ಚರ್ಚೆಯಲ್ಲಿದೆ.

ಕೊನೆಗೆ ವಿಮರ್ಶಾಪ್ರಸ್ಥಾನ. ನೋಡಲು ಬಂದ ಹೆಂಗಸರು ಆಡುವ ‘ಹೋದ ವರ್ಷ ಇನ್ನೊಂದು ಮೆಟ್ಟಿಲು ಇತ್ತಲ್ವಾ?’ ಎಂಬ ಒಂದು ವಾಕ್ಯದಲ್ಲಿ ರೂಪನಿಷ್ಠ, ಚಾರಿತ್ರಿಕ, ತೌಲನಿಕ ವಿಮರ್ಶೆಗಳು ಮೂರೂ ಅಡಗಿವೆ. ಇದಕ್ಕೆ ವ್ಯತಿರಿಕ್ತವಾಗಿ ಎಲ್ಲದಕ್ಕೂ ತಲೆಯಾಡಿಸುವ ತಂಜಾವೂರಿನ ಗೊಂಬೆಯೇ ಆದರ್ಶ ವಿಮರ್ಶಕನೆಂದು ಅಧಿಕಾರಿಗಳ ಮತ. ಮಕ್ಕಳ ವಿಮರ್ಶೆ ಬೇರೆ ತೆರನದು. ಅವರ ದೃಷ್ಟಿ ಮೆಟ್ಟಿಲುಗಳನ್ನು ದಾಟಿ ನೇರ ಅಡುಗೆಮನೆಯ ಬಾಗಿಲಿಗೆ ಹೋಗುತ್ತದೆ. ‘ಒಂದು ಹಾಡು ಹೇಳು ಮರಿ, ಆಮೇಲೆ ಬೊಂಬೆ ಬಾಗಿನ’ ಎಂದರೆ ಹಾಡು ಅರ್ಧ ಚರಣಕ್ಕೇ ಮುಗಿದು ಕೈ ಮುಂದೆ ಬರುತ್ತದೆ. ಶಾಸ್ತ್ರದ ಪ್ರಯೋಜನ ರಸಾನಂದವೋ ಪುಣ್ಯವೋ ಎಂಬ ವಾದದಲ್ಲಿ ಮಕ್ಕಳು ಕೋಡುಬಳೆಯ ಪಕ್ಷ.

ಪ್ರಸ್ತುತ ಪ್ರಬಂಧಕಾರನೂ ಈ ಪ್ರಶ್ನೆಯನ್ನು ಸ್ಥಳದಲ್ಲೇ ಪರಿಶೀಲಿಸಬೇಕಾಗಿದೆ. ಎದುರು ಮನೆಯವರು ಈ ಸಲ ಬೆಟ್ಟಕ್ಕೆ ಸೀರಿಯಲ್ ಸೆಟ್ಟು ಹಾಕಿ, ಕೆರೆಗೆ ನಿಜವಾದ ನೀರನ್ನೇ ತುಂಬಿದ್ದಾರಂತೆ. ಜೊತೆಗೆ ಕೊಬ್ಬರಿ ಮಿಠಾಯಿಯೂ ಇದೆಯೆಂದು ಅಲ್ಲಿಗೆ ಹೋಗಿಬಂದ ಮಕ್ಕಳು ವರದಿ ಮಾಡಿದ್ದಾರೆ.