ವೈಕಿಕಿಯಲ್ಲಿ ಅಪ್ಪನ ಸನ್ಮಾನ

ನಮ್ಮನೆಯಲ್ಲೀಗ ಅವ್ವ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಒಂದೇ ಸೋಫಾದಲ್ಲಿ ಕೂತು, "ನಿಮ್ಮಪ್ಪಗ ಹೇಳು, ಚಾ ಆರಾಕತ್ತೈತಿ" ಅಂತ ನನ್ನ ಮೂಲಕ ಹೇಳಿಸುತ್ತಾಳೆ. ಜಗಳಕ್ಕೆ ಕಾರಣ ಅಪ್ಪನ ವಾಟ್ಸಾಪ್ ಡಿಪಿ. ಅದರಲ್ಲಿ ಅಪ್ಪ ಕೊರಳಿಗೆ ನೇರಳೆ ಹೂವಿನ ಹಾರ ಹಾಕಿಕೊಂಡು, ಎದೆ ಉಬ್ಬಿಸಿ ನಿಂತಿದ್ದಾನೆ. ಪಕ್ಕದಲ್ಲಿ ನಗುತ್ತ ನಿಂತವಳು ಅವ್ವ ಅಲ್ಲ.

ಅಪ್ಪ ಅಮೆರಿಕಕ್ಕೆ ಬಂದದ್ದು ನನ್ನ ಮೇಲಿನ ಅಕ್ಕರೆಗೇನಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಮೇಲೆ 33 ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ನೀರು ಬಂದ್ ಮಾಡಿದರು. ದಢೇಸುಗೂರಿನ ನಮ್ಮ ಗದ್ದೆ ಖಾಲಿ ಬಿತ್ತು. ಎರಡನೇ ಬೆಳೆ ಇಲ್ಲದ ರೈತನಿಗೆ ಮಗ ನೆನಪಾಗುತ್ತಾನೆ. ಸ್ಯಾನ್ ಹೊಸೆಯ ಚಳಿಗೆ ಇಬ್ಬರೂ ಮುದುಡಿ ಕೂತರೆಂದು ಹವಾಯಿಯ ಹೊನೊಲುಲುಗೆ ಕರೆದುಕೊಂಡು ಹೋದೆ. ಪೆಸಿಫಿಕ್ ಸಮುದ್ರ ನೋಡಿ ಅಪ್ಪ ಆಡಿದ ಮೊದಲ ಮಾತು: "ಇಷ್ಟು ನೀರು ಐತಿ, ಒಂದು ಎಕರೆ ನಾಟಿಗೆ ಬರಂಗಿಲ್ಲ."

ಸಂಜೆ ಅಲ್ಲಿನ ವೈಕಿಕಿ ಕಡಲತೀರದ ಹೋಟೆಲಿಗೆ ಹೋಗುವ ದಾರಿಯಲ್ಲಿ ಡ್ಯೂಕ್ ಕಹಾನಮೋಕುವಿನ ಕಂಚಿನ ಪ್ರತಿಮೆ. ಚಾಚಿದ ಎರಡೂ ತೋಳುಗಳ ತುಂಬ ಹಾರಗಳು. ಯಾರೆಂದು ಅಪ್ಪ ಕೇಳಿದ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ಚಿನ್ನ ಗೆದ್ದವನು ಅಂದೆ. ಸಾಧಕರಿಗೆ ಹಾರ ಹಾಕುವ ಊರು ಎಂಬುದು ಅಪ್ಪನ ತಲೆಯಲ್ಲಿ ಕೂತದ್ದು ಅಲ್ಲಿಯೇ.

ಕಡಲಿಗೆ ಮುಖ ಮಾಡಿದ ಆ ಹೋಟೆಲಿನ ಬಾಗಿಲಲ್ಲಿ ಒಬ್ಬ ಹುಡುಗಿ ಅಪ್ಪನ ಕೊರಳಿಗೆ ಆರ್ಕಿಡ್ ಹೂವಿನ ಲೇ, ಅಂದರೆ ಅಲ್ಲಿನ ಹಾರ, ಹಾಕಿ, ಅಲ್ಲಿನ ಪದ್ಧತಿಯಂತೆ ಕೆನ್ನೆಗೊಂದು ಮುತ್ತನ್ನೂ ಕೊಟ್ಟಳು. ಅಪ್ಪ ಕೈ ಮುಗಿದ. ಆಮೇಲೆ ಅಲ್ಲೇ ನಿಂತ. ಹಿಂದೆ ಸಾಲು ಬೆಳೆಯಿತು, ಅಪ್ಪ ಕದಲಲಿಲ್ಲ. ನಾನು ರಟ್ಟೆ ಹಿಡಿದು ಎಳೆದರೆ ಮೆಲ್ಲಗೆ ಕೇಳಿದ:

"ಶಾಲು?"

ಶಾಲು ಇಲ್ಲ ಅಂದೆ. "ಹಂಗಾರ ಎರಡು ಮಾತಾರ ಆಡಬೇಕಲ್ಲೋ." ಆಡಿಯೇ ಬಿಟ್ಟ, ಭಾಷಣದ ಕನ್ನಡದಲ್ಲಿ: ದೂರದ ದಢೇಸುಗೂರಿನ ಸಣ್ಣ ರೈತನನ್ನು ಗುರುತಿಸಿದ್ದಕ್ಕೆ ತಾನು ಚಿರಋಣಿ, ಈ ಗೌರವ ಊರಿನ ಸಮಸ್ತ ಜನರಿಗೆ ಸಲ್ಲಬೇಕು ಎಂದು. ಹುಡುಗಿ "ಅಲೋಹಾ" ಅಂದಳು. ಅಪ್ಪ "ಇರ್ಲಿ ಇರ್ಲಿ" ಅಂದ.

ನಗಬೇಡಿ. ಊರಲ್ಲಿ ಅಪ್ಪನದು ಹಾರ ತರುವ ಖಾತೆ. ಶಾಸಕರು ಬರಲಿ, ಸ್ವಾಮಿಗಳು ಬರಲಿ, ಕಾಲುವೆ ಎಂಜಿನಿಯರ್ ಬರಲಿ, ಸಿಂಧನೂರಿಗೆ ಹೋಗಿ ಹಾರ, ಶಾಲು ತರುವವನು ಅವನೇ. ತಟ್ಟೆ ಹಿಡಿದು ನಿಲ್ಲುವವನೂ ಅವನೇ. ಒಮ್ಮೆ ಸೊಸೈಟಿ ಎಲೆಕ್ಷನ್‌ಗೆ ನಿಂತು ಸೋತ. ಗೆದ್ದವನಿಗೂ ಹಾರ ತಂದದ್ದು ಅವನೇ. ಮದುವೆಯ ನಂತರ ಅವನ ಕೊರಳಿಗೆ ಯಾರೂ ಒಂದು ಎಳೆ ಹೂ ಹಾಕಿದವರಲ್ಲ.

ಅವ್ವನಿಗೆ ಚುಚ್ಚಿದ್ದೂ ಅದೇ, ಮದುವೆಯ ನಂತರ ಎಂಬುದು. ಕೂತವಳೇ ಶುರು ಮಾಡಿದಳು: "ನಿಮ್ಮಪ್ಪಗ ಹೇಳು, ಮಾಲಿ ತಗದು, ಮಕಾ ತೊಳಕೊಂಡು ಬಾ ಅಂತ." ನನ್ನ ಮಗಳು ನಡುವೆ ಬಾಯಿ ಹಾಕಿದಳು. ಲೇ ಹಾಕಿದವರ ಎದುರು ಅದನ್ನು ತೆಗೆಯುವುದು ಅವಮಾನವಂತೆ. ಅಪ್ಪ ಮೊಮ್ಮಗಳ ಕಡೆ ನೋಡಿದ ನೋಟದಲ್ಲಿ ಅರ್ಧ ಆಸ್ತಿ ಅವಳ ಹೆಸರಿಗೆ ಆಗಿತ್ತು.

ಊಟ ಬಂತು. ಹಸಿ ಮೀನಿನ ಪೋಕೆಯನ್ನು ಅಪ್ಪ ಹುರಿದು ತರಲು ವಾಪಸ್ ಕಳಿಸಿದ. ಅವರು ಹುರಿದೂ ಕೊಟ್ಟರು ಪಾಪ. ಕೆಸುವಿನ ಗಡ್ಡೆ ಅರೆದು ಮಾಡಿದ, ತುಸು ಹುಳಿ ಬಂದ ಪೊಯ್ ಅವ್ವನ ಪಾಲಿಗೆ ಅಂಬಲಿಯಾಯಿತು. ಸಿಟ್ಟಿನಲ್ಲೇ ಎರಡು ಬಟ್ಟಲು ಕುಡಿದಳು. ಐಸ್‌ಕ್ರೀಮ್ ಉಂಡೆಯಂತೆ ಎರಡು ಗುಡ್ಡೆ ಅನ್ನ ಇಟ್ಟಿದ್ದರು. ಸೋನಾ ಮಸೂರಿ ಬೆಳೆಯುವವನು ಅದನ್ನು ಬೆರಳಲ್ಲಿ ಹಿಚುಕಿ, "ಇದು ಗ್ವಾಡಿಗೆ ಪೋಸ್ಟರ್ ಹಚ್ಚಾಕ ಚಲೋ" ಅಂದ. ಸಮಾಧಾನಕ್ಕೆಂದು ನಾನು, ವೈಕಿಕಿಯೂ ಒಂದು ಕಾಲಕ್ಕೆ ಭತ್ತದ ಗದ್ದೆಯೇ ಆಗಿತ್ತು, 1920ರ ದಶಕದಲ್ಲಿ ಅಲಾ ವೈ ಕಾಲುವೆ ತೋಡಿ ಗದ್ದೆಯ ನೀರನ್ನೆಲ್ಲ ಬಸಿದರು ಅಂದೆ. ಅಪ್ಪ ಚಮಚ ಕೆಳಗಿಟ್ಟ. "ಗದ್ದಿ ಒಣಗಿಸಾಕ ಕಾಲುವಿ?" ಸನ್ಮಾನಿತನಲ್ಲದಿದ್ದರೆ ಅಲ್ಲೇ ಧರಣಿ ಕೂರುತ್ತಿದ್ದನೇನೋ.

ಅವ್ವನ ಮುಖ ಸಡಿಲಲಿಲ್ಲ. ಕಡೆಗೆ ನಾನು ಇನ್ನೊಂದು ಲೇ ತರಿಸಿದೆ. ಹುಡುಗಿ ಹಾಕಲು ಬಂದರೆ ಅವ್ವ ಕೈ ಅಡ್ಡ ಹಿಡಿದಳು. ಅಪ್ಪನೇ ಹಾಕಬೇಕು. ಅಪ್ಪ ಎದ್ದ. ಮಂತ್ರಿಗಳ ಕೊರಳಿಗೂ ಸಲೀಸಾಗಿ ಹಾರ ಹಾಕಿದ ಕೈ ನಡುಗಿತು. ಹೂ ಅವ್ವನ ಸೆರಗಿಗೆ ಸಿಕ್ಕಿಕೊಂಡಿತು, ಬಿಡಿಸಿದ. ಸುತ್ತ ಕೂತವರು ಮದುವೆಯ ವಾರ್ಷಿಕೋತ್ಸವವೆಂದು ಚಪ್ಪಾಳೆ ತಟ್ಟಿದರು. ಅವ್ವನ ಕಿವಿ ಕೆಂಪಾಯಿತು. ನಾನು ಫೋನ್ ಎತ್ತಿದೆ. ಅಷ್ಟರಲ್ಲಿ ಅಪ್ಪ, ಅಷ್ಟು ವರ್ಷದ ರೂಢಿ ನೋಡಿ, ಹಾರ ಹಾಕಿ, ಕೈ ಮುಗಿದು, ಪಟ್ಟನೆ ಪಕ್ಕಕ್ಕೆ ಸರಿದುಬಿಟ್ಟ. ಫೋಟೊದಲ್ಲಿ ಅವ್ವ ಒಬ್ಬಳೇ, ಉದ್ಘಾಟನೆಗೆ ಬಂದ ಎಂಎಲ್‌ಎ ಹಾಗೆ.

ಲೇಯನ್ನು ಕಸದ ಬುಟ್ಟಿಗೆ ಹಾಕಬಾರದು, ಗಿಡಕ್ಕೆ ತೂಗುಬಿಡಬೇಕು ಎಂದು ಮಗಳು ಹೇಳಿದ ಒಂದು ಮಾತಿಗೆ ಮಾತ್ರ ಅವ್ವ ಒಪ್ಪಿದಳು. ದೇವರ ಹೂವನ್ನೂ ನಾವು ತುಳಿಯುವಲ್ಲಿ ಎಸೆಯುವುದಿಲ್ಲವಲ್ಲ.

ಈಗ ಊರಿನ ಗ್ರೂಪಿನಲ್ಲಿ ಅಪ್ಪನಿಗೆ ಅಭಿನಂದನೆಗಳ ಸುರಿಮಳೆ. ಯಾರೋ "ಯಾವ ಪ್ರಶಸ್ತಿ ಅಣ್ಣಾ?" ಎಂದು ಕೇಳಿದ್ದಕ್ಕೆ ಅಪ್ಪ ಒಂದೇ ಪದ ಬರೆದಿದ್ದಾನೆ: "ಕೃಷಿ."

ಅಪ್ಪ-ಅವ್ವಂದಿರನ್ನು ಹವಾಯಿಗೆ ಕರೆದೊಯ್ಯುವ ಯೋಚನೆಯಲ್ಲಿರುವ ಕನ್ನಡಿಗರಲ್ಲಿ ನನ್ನದೊಂದೇ ವಿನಂತಿ: ಬ್ಯಾಗಿನಲ್ಲಿ ಒಂದು ಶಾಲು ಇಟ್ಟುಕೊಳ್ಳಿ. ಎರಡಿದ್ದರೆ ಇನ್ನೂ ಕ್ಷೇಮ.