ಕೆರೆ ಏರಿಯ ಮೇಲೆ 240 ಹರ್ಟ್ಸ್

ಕೊಂಡಜ್ಜಿ ಕೆರೆ ಏರಿಯ ಮೇಲೆ ಅಪ್ಪ, ಮಗ ಕೂತಿದ್ದರು. ಮಗನಿಗೆ ಗೇಮಿಂಗ್ ಮಾನಿಟರ್ ಬೇಕಿತ್ತು. ಅಪ್ಪನಿಗೆ ಕಾರಣ ಬೇಕಿತ್ತು.

“240 ಹರ್ಟ್ಸ್ ಅಪ್ಪಾಜಿ. ಸೆಕೆಂಡಿಗೆ 240 ಸಲ ಚಿತ್ರ ಬದಲಾಗ್ತೈತಿ.”

“ಸಿನಿಮಾದಾಗೆ 24 ಚಿತ್ರಕ್ಕೇ ರಾಜ್‌ಕುಮಾರ್ ಕತ್ತಿ ಬೀಸಿದ್ರಲ್ಲೋ?”

“ಅದು ನೋಡೋದು, ಇದು ಆಡೋದು. 60 ಹರ್ಟ್ಸ್‌ನಾಗೆ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ತೈತಿ, ಇದ್ರಾಗೆ ಬರೀ 4.2.”

“ನಿನ್ನ ಕಂಪ್ಯೂಟರ್ ಸೆಕೆಂಡಿಗೆ ಎಷ್ಟು ಚಿತ್ರ ಕೊಡ್ತೈತಿ?”

ಮಗ ನೀರು ನೋಡಿದ. “ಎಪ್ಪತ್ತು.”

ಅಂಗಡಿಯವರು ಪಿಸುಗುಡುವುದೂ ಇದನ್ನೇ: ಗ್ರಾಫಿಕ್ಸ್ ಕಾರ್ಡ್ ಕೊಡದ ಚಿತ್ರವನ್ನು ಪರದೆ ತಾನಾಗಿ ಹೆರುವುದಿಲ್ಲ. ಪರದೆ 4ಕೆ ಆದರೆ ಕಾರ್ಡಿನ ಹೊರೆ ಇನ್ನೂ ಹೆಚ್ಚು: ಸುಮಾರು 83 ಲಕ್ಷ ಚುಕ್ಕೆ, ಫುಲ್ ಎಚ್‌ಡಿಯ ನಾಲ್ಕು ಪಟ್ಟು.

“ಹಂಗಾರೆ ಕಾರ್ಡೂ ಬೇಕು!” ಮಗ ಗೆಲುವಾದ.

“ಮೊದ್ಲು ಮಾರ್ಕ್ಸ್ ಕಾರ್ಡು ತೋರ್ಸಲೇ,” ಎನ್ನುತ್ತ ಅಪ್ಪ ಬೆಣ್ಣೆದೋಸೆಗೆಂದು ದಾವಣಗೆರೆ ಕಡೆ ಬೈಕ್ ತಿರುಗಿಸಿದ.