ಕುರುಳುಕುನ್ನಿ ಮೀಮಾಂಸೆ

ಪೀಠಿಕೆ

ಗುಂಗುರುಗೂದಲ ಸಣ್ಣ ನಾಯಿಯನ್ನು ಬಗಲಲ್ಲಿಟ್ಟುಕೊಂಡು ಬೀದರಿನ ಗಾಂಧಿಗಂಜ್ ದಾಟುವವರಿಗೆ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ಮೊದಲನೆಯದು, ‘ಕುರಿಮರಿ ಎಷ್ಟಕ್ಕ ತಂದ್ರಿ?’ ಎರಡನೆಯದು, ಆ ಕುರಿಮರಿ ಬೊಗಳಿದ ಮೇಲೆ: ‘ನಾಯಿಗಿ ಹಿಂಗ್ಯಾಕ ಆಗ್ಯಾದ?’ ಈ ಎರಡು ಪ್ರಶ್ನೆಗಳ ನಡುವೆ ಒಂದು ಶಾಸ್ತ್ರವೇ ಅನಾಥವಾಗಿ ಬಿದ್ದಿದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಅಧ್ಯಯನದ ವ್ಯಾಪ್ತಿ ಬೀದರ್ ನಗರ, ಭಾಲ್ಕಿ ಮತ್ತು ಔರಾದ್. ಹುಮನಾಬಾದ್, ಬಸವಕಲ್ಯಾಣಗಳನ್ನು ಮುಂದಿನ ಸಂಶೋಧಕರ ಹೊಟ್ಟೆಪಾಡಿಗೆಂದು ಉಳಿಸಲಾಗಿದೆ.

ಮೊದಲ ಪ್ರಕರಣ: ನಿರುಕ್ತ

ಔರಾದಿನ ಸಂತೆಯಲ್ಲಿ ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಪ್ರಾಣಿ ಒಂದೇ, ಕನ್ನಡದವರು ಅದರ ಮರಿಯನ್ನು ಕುನ್ನಿ ಎನ್ನುತ್ತಾರೆ, ಉರ್ದುವಿನವರು ಕುತ್ತಾ, ಮರಾಠಿಯವರು ಕುತ್ರಾ, ತೆಲುಗರು ಕುಕ್ಕ. ನಾಲ್ಕೂ ‘ಕು’ದಿಂದಲೇ ಶುರು. ಅದರ ಮೈಮೇಲಿನದು ಕುರುಳು, ಜನ ಅದನ್ನು ತಿಳಿಯುವುದು ಕುರಿ ಎಂದು. ಇಷ್ಟು ಸಾಕ್ಷ್ಯವಿದ್ದ ಮೇಲೆ ‘ಕುಕಾರ ಸಿದ್ಧಾಂತ’ ಮಂಡಿಸದಿರುವುದು ವಿದ್ವತ್ತಿಗೆ ಬಗೆವ ದ್ರೋಹ. ಕನ್ನಡದ ಕುರುಳು ಮತ್ತು ಇಂಗ್ಲಿಷಿನ ಕರ್ಲ್ ಒಂದೇ ಬಳ್ಳಿಯ ಕುಡಿಗಳೆಂದು ಸಾಧಿಸುವ ಆಸೆಯೂ ಪ್ರಬಂಧಕಾರರಿಗಿತ್ತು. ಭಾಷಾವಿಜ್ಞಾನಿಗಳು ದೊಣ್ಣೆ ಹಿಡಿದು ಬಂದಾರೆಂಬ ಭಯದಿಂದ ಕೈಬಿಡಲಾಯಿತು.

ಕುರುಳುಕುನ್ನಿಗಳಲ್ಲಿ ಒಂದಾದ ಪೂಡಲ್ ಎಂಬ ತಳಿಯ ಹೆಸರಿನ ಮೂಲ ಮಾತ್ರ ತಕರಾರಿಲ್ಲದ್ದು. ಜರ್ಮನಿನಲ್ಲಿ ಅದು ನೀರು ಚಿಮ್ಮಿಸುವ ನಾಯಿ, ಪುಡೆಲ್‌ಹುಂಡ್. ಬೇಟೆಗಾರ ಹೊಡೆದ ಬಾತುಕೋಳಿಯನ್ನು ಕೆರೆಗೆ ಧುಮುಕಿ ತರುವುದು ಅದರ ಕುಲಕಸುಬು. ಈಗ ಸೋಫಾದ ಮೇಲೆ ಕೂತು ಮಾಡುವುದು ನಿವೃತ್ತಿ ಜೀವನ.

ಎರಡನೆಯ ಪ್ರಕರಣ: ಪೂರ್ವಸೂರಿಗಳು

ಕನ್ನಡದ ಶ್ವಾನ ಸಾಕ್ಷ್ಯಗಳಲ್ಲಿ ಅಗ್ರಪೂಜೆ ಮದ್ದೂರು ತಾಲೂಕಿನ ಆತಕೂರಿನದು. ಕ್ರಿ.ಶ. 949–50ರ ಆ ಶಾಸನ ಕಾಳಿ ಎಂಬ ನಾಯಿಗೆ ಸಲ್ಲುವ ವೀರಗಲ್ಲು. ಕಾಡುಹಂದಿಯೊಡನೆ ಕಾದಾಡಿ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತ ಕಥೆ ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯ ಕೂದಲನ್ನು ಯಾರು, ಎಷ್ಟು ದಿನಕ್ಕೊಮ್ಮೆ ಬಾಚುತ್ತಿದ್ದರು ಎಂಬುದು ನಮ್ಮ ಶಾಸನಶಾಸ್ತ್ರಜ್ಞರಲ್ಲಿ ಚರ್ಚೆಗೇ ಬಂದಿಲ್ಲ.

ಬೀದರಿನದೇ ಸಾಕ್ಷ್ಯ ಬೇಕೆಂದರೆ 16ನೇ ಶತಮಾನದ ಅಮೀರ್ ಬರೀದ್ ಇದ್ದಾನೆ. ಬರೀದ್‌ಶಾಹಿಯ ಈ ಧಣಿಗೆ ‘ದಖ್ಖನ್ನಿನ ನರಿ’ ಎಂಬ ಬಿರುದು ಅಂಟಿತ್ತು. ಪ್ರಾಣಿಶಾಸ್ತ್ರದ ಪ್ರಕಾರ ನರಿಯೂ ಶ್ವಾನ ಕುಟುಂಬದ್ದೇ. ಆದ್ದರಿಂದ ಬೀದರ್ ಕೋಟೆ ಒಂದು ಕಾಲಕ್ಕೆ ಆ ಕುಟುಂಬದ ಆಳ್ವಿಕೆಯಲ್ಲಿತ್ತು ಎಂದರೆ ತರ್ಕ ಒಪ್ಪುತ್ತದೆ, ಇತಿಹಾಸ ಒಪ್ಪಲಿಕ್ಕಿಲ್ಲ.

ಭಾಲ್ಕಿ ತಾಲೂಕಿಗೆ ಇನ್ನೂ ಗಟ್ಟಿ ಆಧಾರವಿದೆ: ಖಾನಾಪುರದ ಮೈಲಾರ ಮಲ್ಲಣ್ಣ. ಮೈಲಾರನ ಜೊತೆಗೆ ನಾಯಿ ಇರಲೇಬೇಕು. ಆ ಪರಂಪರೆಯ ವಗ್ಗಯ್ಯಗಳು ತಾವೇ ದೇವರ ನಾಯಿಗಳೆಂದು ಬೊಗಳುತ್ತಾರೆ. ಅದೇ ಪರಂಪರೆಯ ಗೊರವಯ್ಯಗಳ ಮೈಮೇಲೆ ಕರಿ ಕಂಬಳಿ. ಉಣ್ಣೆ ಹೊದ್ದ ನಾಯಿ ಎಂಬ ಕಲ್ಪನೆ ಫ್ರಾನ್ಸಿನಿಂದ ಬರಬೇಕಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಯಾಕೆ?

ಆಧುನಿಕ ವಿದ್ಯಾಪೀಠವೂ ಹತ್ತಿರದಲ್ಲೇ ಇದೆ. 2004ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯಾಲಯ ಬೀದರಿನ ನಂದಿನಗರದಲ್ಲಿದೆ. ಅದರ ಶ್ವಾನ ಸಂಶೋಧನಾ ಕೇಂದ್ರ ಮಾತ್ರ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ, ಮುಧೋಳ ನಾಯಿಗಾಗಿ. 2005ರಲ್ಲಿ ಅಂಚೆಚೀಟಿಯ ಮೇಲೆ ಏರಿದ ಮುಧೋಳದ ಮೈ ಸಪಾಟು. ಒಂದು ಸುರುಳಿಯೂ ಇಲ್ಲ. ಒರಟು ಬಟ್ಟೆಯಲ್ಲಿ ಒರೆಸಿದರೆ ಅದರ ಶೃಂಗಾರ ಮುಗಿಯಿತು. ಹೀಗೆ ಕುರುಳು ವಿಭಾಗದ ಪೀಠ ಖಾಲಿ ಉಳಿದಿದೆ.

ಮೂರನೆಯ ಪ್ರಕರಣ: ಲಕ್ಷಣ ಮತ್ತು ಆಯ್ಕೆ

ಟಾಯ್ ಪೂಡಲ್ ಭುಜದ ಹತ್ತಿರ 28 ಸೆಂಟಿಮೀಟರ್ ಮೀರಬಾರದೆಂಬುದು ಅಂತರರಾಷ್ಟ್ರೀಯ ನಿಯಮ, ಅಂದರೆ ಒಂದು ದೊಡ್ಡ ಜೋಳದ ರೊಟ್ಟಿಯ ಅಗಲ. ಬಿಳಿ ಹತ್ತಿಯಂತಿರುವ ಬಿಷೋನ್ ಫ್ರೀಜೆ ಕೂಡ ಹೆಚ್ಚು ಕಡಿಮೆ ಅಷ್ಟೇ; 1933ರಲ್ಲಿ ಫ್ರಾನ್ಸ್ ಅದರ ಲಕ್ಷಣವನ್ನು ಬರೆದಿಟ್ಟಿತು. ಸುರುಳಿಯ ಗುಟ್ಟು ಬಯಲಾದದ್ದು 2009ರಲ್ಲಿ. 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಮೂರೇ ಜೀನುಗಳಿಗೆ ಬಹುಪಾಲು ಕೇಶವೈವಿಧ್ಯದ ಹೊಣೆ ಹೊರಿಸಿದರು. ಎಫ್‌ಜಿಎಫ್5 ಉದ್ದಕ್ಕೆ, ಆರ್‌ಎಸ್‌ಪಿಒ2 ಮೀಸೆ ಹುಬ್ಬಿಗೆ, ಕೆಆರ್‌ಟಿ71 ಸುರುಳಿಗೆ. ಮೂರೂ ಕೂಡಿದರೆ ಪೂಡಲ್.

ಮರಿ ಆರಿಸಲು ಹೈದರಾಬಾದಿಗೆ ಹೋಗುವವರು ಗಂಟಿನ ಜೊತೆ ಒಂದು ಕಾನೂನನ್ನೂ ಕಟ್ಟಿಕೊಂಡು ಹೋಗುವುದು ಲೇಸು. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಂಗೈಯಲ್ಲಿ ಹಿಡಿಸುವ ‘ಟೀ ಕಪ್’ ಮರಿ ಎಂದು ತೋರಿಸಿದರೆ, ಅದು ತಾಯಿಯ ಹಾಲು ಬಿಡದ ಕೂಸಾಗಿರಬಹುದು. ತಾಯಿಯನ್ನು ನೋಡಬೇಕು. ಕಣ್ಣು, ಮೂಗು ಸೋರದೆ ಇರಬೇಕು. ನಡೆದಾಡಿಸಿ, ಹಿಂಗಾಲು ಎತ್ತಿ ಕುಂಟುತ್ತದೆಯೇ ನೋಡಬೇಕು, ಏಕೆಂದರೆ ಮಂಡಿಚಿಪ್ಪು ಜಾರುವುದು ಸಣ್ಣ ತಳಿಗಳ ಹಳೆಯ ಕಾಯಿಲೆ. ಇಷ್ಟು ಸಣ್ಣ ಮರಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿದು ಕುಸಿದೀತು. ದಿನಕ್ಕೆ ನಾಲ್ಕು ಸಲ ಉಣಿಸಬೇಕು.

ಇಲ್ಲಿ ಪೂರ್ವಪಕ್ಷ: ‘ಈ ನಾಯಿಗಿ ಕೂದಲಾ ಉದುರಂಗಿಲ್ಲ, ಅಲರ್ಜಿ ಇಲ್ಲ, ಕಸಾ ಇಲ್ಲ, ಕೆಲಸಾ ಇಲ್ಲ.’ ಸಿದ್ಧಾಂತ: ಮೊದಲನೆಯದು ಅರ್ಧ ಸತ್ಯ, ಉಳಿದವು ಪೂರ್ತಿ ಸುಳ್ಳು. ಅಲರ್ಜಿ ತರುವ ಪ್ರೋಟೀನು ಎಂಜಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ಸುರುಳಿಗೂ ಅದಕ್ಕೂ ಸಂಬಂಧವಿಲ್ಲ. ಆಸ್ಟ್ರೇಲಿಯಾದ ವಾಲಿ ಕಾನ್ರನ್ 1989ರಲ್ಲಿ ಅಂಧ ಮಹಿಳೆಯೊಬ್ಬರ ಗಂಡನಿಗೆ ಅಲರ್ಜಿಯೆಂದು ಲ್ಯಾಬ್ರಡಾರಿಗೆ ಪೂಡಲ್ ಕೂಡಿಸಿ ಲ್ಯಾಬ್ರಡೂಡಲ್ ತಯಾರಿಸಿದರು. ಆಮೇಲೆ ಕಂಡಕಂಡವರೆಲ್ಲ ಅಡ್ಡತಳಿ ಮಾಡಲು ಹೊರಟದ್ದನ್ನು ನೋಡಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ಇನ್ನು ಉದುರುವ ಕೂದಲು: ಅದು ಉದುರುತ್ತದೆ, ನೆಲಕ್ಕೆ ಬೀಳದೆ ಪಕ್ಕದ ಸುರುಳಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಬೇರೆ ನಾಯಿಗಳ ಮಾಲೀಕರು ಕಸಬರಿಗೆ ಹಿಡಿಯುತ್ತಾರೆ, ಇವರು ಬಾಚಣಿಗೆ. ಶ್ರಮ ಅಷ್ಟೇ, ಆಯುಧ ಬೇರೆ.

ನಾಲ್ಕನೆಯ ಪ್ರಕರಣ: ವರ್ಣಾಂತರ

ಬಿಳಿ ನಾಯಿ ಕೊಂಡವರು ಮೂರು ಊರುಗಳ ಮಣ್ಣನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ. ಕೋಟೆ ಕಡೆ ಸಂಜೆ ಒಂದು ಸುತ್ತು ಹಾಕಿಸಿದರೆ ಬಿಷೋನ್ ಗೇರುಬಣ್ಣಕ್ಕೆ ತಿರುಗುತ್ತದೆ. ಭಾಲ್ಕಿಯ ಕಡೆಯಿಂದ ಮೈಲಾರನ ಜಾತ್ರೆಗೆ ಕರೆದೊಯ್ದರೆ ಭಂಡಾರ ಬಿದ್ದು ಅರಿಸಿನ ಬಣ್ಣ. ಔರಾದಿನ ಎರೆಭೂಮಿಯಲ್ಲಿ ಮುಂಗಾರಿನ ಒಂದು ಮಳೆ ಸಾಕು, ಪಾದಕ್ಕೆ ಮೆತ್ತಿದ ಕರಿಮಣ್ಣು ಒಣಗಿ ನಾಯಿಗೆ ನಾಲ್ಕು ಬೂಟು. ಹಾಗಾದರೆ ಕಪ್ಪು ಪೂಡಲ್ ತರೋಣವೆಂದರೆ ಬಿದರಿ ಹೂಜಿಯಂತೆ ಮಿಂಚುತ್ತದೆ, ನಿಜ. ಆದರೆ ಮೇ ತಿಂಗಳ ಬಿಸಿಲನ್ನು ಹೆಚ್ಚು ಹೀರುತ್ತದೆ, ದಖ್ಖನಿ ಕುರಿಯ ಹಿಂಡಿನಲ್ಲಿ ಸೇರಿದರೆ ಕುರಿಗಾರನಿಗೂ ಲೆಕ್ಕ ತಪ್ಪುತ್ತದೆ.

ಎರಡು ಸಾವಿರ ಅಡಿಗೂ ಮೇಲಿರುವ ಊರೆಂದು ಬೀದರಿನವರು ತಂಪಿನ ಜಂಬ ಕೊಚ್ಚಿದರೂ ಬೇಸಿಗೆಯ ಡಾಂಬರು ಯಾರ ಮಾತನ್ನೂ ಕೇಳುವುದಿಲ್ಲ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವವರೆಗೆ ತಾಳಲಾಗದಿದ್ದರೆ ನಾಯಿಯ ಪಾದವೂ ತಾಳದು. ಸೆಕೆಯೆಂದು ಚರ್ಮದವರೆಗೆ ಬೋಳಿಸುವುದೂ ತಪ್ಪು. ಅರ್ಧ ಇಂಚು ಉಳಿದರೆ ಅದೇ ನೆರಳು.

ಐದನೆಯ ಪ್ರಕರಣ: ಬಾಚಣಿಗೆ

ಶಾಸ್ತ್ರದ ಜೀವ ಇಲ್ಲಿದೆ. ಮೇಲಿನಿಂದ ಸವರಿದರೆ ನಾಯಿ ರೇಷ್ಮೆ. ಬೆರಳನ್ನು ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ ಚರ್ಮದವರೆಗೆ ಇಳಿಸಿದರೆ ಬಟಾಣಿ ಗಾತ್ರದ ಗಂಟು ಸಿಗುತ್ತದೆ. ಒಂದು ವಾರ ಬಿಟ್ಟರೆ ಅಡಿಕೆ, ಒಂದು ತಿಂಗಳು ಬಿಟ್ಟರೆ ಜಡೆಗಟ್ಟಿದ ಕಂಬಳಿ. ಆ ಕಂಬಳಿ ಪ್ರತಿ ಹೆಜ್ಜೆಗೂ ಚರ್ಮ ಎಳೆಯುತ್ತದೆ. ಬಿಡಿಸುವ ಕ್ರಮ: ಎಡಗೈಯಿಂದ ಗಂಟಿನ ಬುಡ ಹಿಡಿಯಬೇಕು, ಎಳೆತ ಚರ್ಮಕ್ಕೆ ತಾಗದಿರಲೆಂದು. ತುದಿಯಿಂದ ಶುರು ಮಾಡಿ ಬುಡಕ್ಕೆ ಬರಬೇಕು. ಮೊದಲು ತಂತಿ ಬ್ರಷ್, ನಂತರ ಸ್ಟೀಲ್ ಬಾಚಣಿಗೆ. ಬಾಚಣಿಗೆ ಎಲ್ಲೂ ತಡೆಯದೆ ಸಾಗಿದರೆ ಮಾತ್ರ ಆ ಸಾಲು ಮುಗಿಯಿತು. ಇದೆಲ್ಲ ಸ್ನಾನಕ್ಕೆ ಮುಂಚೆ. ಸಿಕ್ಕಿನ ಮೇಲೆ ನೀರು ಬಿದ್ದರೆ ಗಂಟು ಬಿಗಿಯುತ್ತದೆ, ಕಂಬಳಿ ನೇಯುವವರಿಗೆ ಇದು ಗೊತ್ತು. ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿ.

ಹೊಲದಂಚಿನ ಉತ್ತರಾಣಿ ಕಡ್ಡಿ ಹಚ್ಚಿಕೊಂಡು ಬಂದ ದಿನ ಮೇಲಿನ ವಿಧಿಯನ್ನು ಮೂರು ಪಟ್ಟು ಮಾಡಿಕೊಳ್ಳಬೇಕು. ಉಣ್ಣೆಗೂ ಉಣ್ಣಿಗೂ ಒಂದು ಸ್ವರದ ಅಂತರ. ಸುರುಳಿಯೊಳಗೆ ಆ ಅಂತರವೂ ಕಾಣುವುದಿಲ್ಲ. ಕಾಲ್ಬೆರಳ ಸಂದಿ, ಕಿವಿಯ ಒಳಮಡಿಕೆ ಹುಡುಕದಿದ್ದರೆ ಉಣ್ಣಿ ತರುವ ಎರ್ಲಿಕಿಯಾ ಜ್ವರ ಪಶುವೈದ್ಯರ ಬಳಿಗೆ ಓಡಿಸುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆಯೂ ಅಲ್ಲೇ, ಆಮೇಲೆ ವೈದ್ಯರು ಹೇಳಿದ ಲೆಕ್ಕದಲ್ಲಿ ಮತ್ತೆ ಮತ್ತೆ. ಮಡಿಲಲ್ಲೇ ಇರುವ ನಾಯಿಗೆ ಯಾಕೆ ಎನ್ನುವವರು ಬೀದಿಯ ನಾಯಿಗಳ ಅಭಿಪ್ರಾಯ ಕೇಳಿಲ್ಲ.

ಆರನೆಯ ಪ್ರಕರಣ: ಎಳ್ಳಮಾವಾಸ್ಯೆ

ಬೀದರ್ ಜಿಲ್ಲೆ ಇಡೀ ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ದಿನ ನಾಯಿಗೂ ಎಡೆ ಹಾಕುವ ಉದಾರಿಗಳಿದ್ದಾರೆ. ಭಜ್ಜಿಯಲ್ಲಿ ಬಿದ್ದ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಐದು ಕಿಲೋದ ಜೀವಕ್ಕೆ ಒಂದು ಸೌಟೂ ದೊಡ್ಡದೇ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಅದೇ ನಿಷೇಧ ಪಟ್ಟಿಯಲ್ಲಿವೆ. ಒಗ್ಗರಣೆಯಿಲ್ಲದ ಬರಿ ರೊಟ್ಟಿಯ ಚೂರು ನಡೆದೀತು.

ಉಪಸಂಹಾರ

ಕುಕಾರ ಸಿದ್ಧಾಂತವನ್ನು ಪ್ರಯೋಗಕ್ಕೆ ಒಡ್ಡುವುದಷ್ಟೇ ಉಳಿದಿತ್ತು. ಔರಾದಿನ ಅಂಗಳವೊಂದರಲ್ಲಿ ಕಂದು ಪೂಡಲ್ ಒಂದು ಬಿಸಿಲಿಗೆ ಬೆನ್ನು ಹಾಕಿ ಮಲಗಿತ್ತೆಂದು ಇಟ್ಟುಕೊಳ್ಳಿ. ಕುನ್ನಿ ಎಂದು ಕರೆಯಲಾಯಿತು, ಕಿವಿ ಅಲುಗಲಿಲ್ಲ. ಕುತ್ತಾ, ಕುತ್ರಾ, ಕುಕ್ಕ, ಮೂರೂ ಮುಗಿದವು, ಅದು ಆಕಳಿಸಿತು. ವಿದ್ವಾಂಸರು ಟಿಪ್ಪಣಿ ಪುಸ್ತಕ ಮುಚ್ಚುವಷ್ಟರಲ್ಲಿ ಒಳಮನೆಯಿಂದ ಕೊಣಮಿಗೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಬಂತು, ತಪ್ ತಪ್ ತಪ್. ಬಾಚದ ಬಾಲವನ್ನು ಎತ್ತಿಕೊಂಡು ನಾಯಿ ಹೊಸ್ತಿಲು ಹಾರಿತು.